ರುಚಿಗೆ ತಕ್ಕಷ್ಟು

ಹೋದ ಮಾಘದಲ್ಲಿ ಸಾಗರದ ಹತ್ತಿರ ನೆಂಟರೊಬ್ಬರ ಗೃಹಪ್ರವೇಶದ ಊಟ. ಎಲೆಯ ತುದಿಗೆ ಉಪ್ಪು ಬಡಿಸುತ್ತ ಬಂದ ಹುಡುಗನನ್ನು ನನ್ನ ಪಕ್ಕದಲ್ಲಿದ್ದ ಚಿಕ್ಕಪ್ಪ ಕೈ ಅಡ್ಡ ಹಿಡಿದು ತಡೆದರು. “ನಂಗೆ ಬ್ಯಾಡ, ಬಿಪಿ ಇದೆ.” ಹುಡುಗ ಮುಂದೆ ಹೋದ. ಪರವಾಗಿಲ್ಲ, ಎಪ್ಪತ್ತರ ಹತ್ತಿರ ಬಂದಮೇಲಾದರೂ ಪಥ್ಯ ಹಿಡಿದರಲ್ಲ ಅಂದುಕೊಂಡೆ. ಕೋಸಂಬರಿ ಬಂತು. ಚಿಕ್ಕಪ್ಪ ಜುಬ್ಬಾದ ಜೇಬಿಗೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ತೆಗೆದರು. ಒಂದು ಕಾಲಕ್ಕೆ ಅದರಲ್ಲಿ ನಶ್ಯ ಇರುತ್ತಿತ್ತು. ಈಗ ತಿಳಿ ಗುಲಾಬಿ ಬಣ್ಣದ ಪುಡಿ. ಕೋಸಂಬರಿಯ ಮೇಲೆ, ಪಲ್ಯದ ಮೇಲೆ, ಕೊನೆಗೆ ಮಜ್ಜಿಗೆಗೆ, ಎರಡು ಬೆರಳಲ್ಲಿ ಧಾರಾಳವಾಗಿ ಉದುರಿಸಿಕೊಂಡರು. ನಾನು ನೋಡುತ್ತಿದ್ದುದು ಗೊತ್ತಾಗಿ, “ಸೈಂಧವ ಲವಣ ಕಣಮ್ಮಾ. ಎಷ್ಟು ತಿಂದ್ರೂ ಬಿಪಿ ಏರ್ಸಲ್ಲ ಇದು” ಅಂದರು. ಎದುರು ಪಂಕ್ತಿಯಲ್ಲಿದ್ದ ಇಬ್ಬರು ಹೌದೌದೆಂದು ತಲೆಯಾಡಿಸಿದರು. ಅವರಲ್ಲೊಬ್ಬರು ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟರು.

ಈ ಲೇಖನ ಆ ದಿನದ ಸಿಟ್ಟಿನಿಂದ ಹುಟ್ಟಿದ್ದಲ್ಲ ಎಂದರೆ ಸುಳ್ಳಾದೀತು. ಆದರೆ ಚಿಕ್ಕಪ್ಪನೊಬ್ಬರ ಮೇಲಿನ ಸಿಟ್ಟಲ್ಲ. ಉಪ್ಪಿನ ವಿಷಯದಲ್ಲಿ ನಮ್ಮ ಮನೆಮನೆಗಳಲ್ಲಿ ಈಗ ಒಂದು ಸಿದ್ಧಾಂತ ಬೇರು ಬಿಟ್ಟು ಕೂತಿದೆ. ಬಿಳಿ ಉಪ್ಪು ವಿಷ, ಗುಲಾಬಿ ಉಪ್ಪು ಔಷಧ. ಪುಡಿ ಉಪ್ಪು ಕಂಪನಿಯವರ ಮೋಸ, ಕಲ್ಲುಪ್ಪು ಅಜ್ಜಿಯ ಜಾಣತನ. ಹಸಿ ಉಪ್ಪು ಕೆಟ್ಟದ್ದು, ಸಾರಿನಲ್ಲಿ ಕುದ್ದದ್ದು ಪರವಾಗಿಲ್ಲ. ಚಿಪ್ಸಿನ ಉಪ್ಪು ಹಾನಿ, ಸಂಡಿಗೆಯ ಉಪ್ಪು ಸಂಸ್ಕೃತಿ. ಯಾವ ಉಪ್ಪು ಎಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಎಷ್ಟು ಉಪ್ಪು ಎಂದು ಕೇಳಿ ನೋಡಿ, ಅಡುಗೆಮನೆಯೇ ಮೌನವಾಗುತ್ತದೆ. ನನ್ನ ತಕರಾರು ಇಷ್ಟೇ: ಉಪ್ಪಿನಲ್ಲಿ ಕೇಳಬೇಕಾದ್ದು ಆ ಎರಡನೆಯ ಪ್ರಶ್ನೆಯೊಂದನ್ನೇ. ಮೊದಲನೆಯದು ಅದರಿಂದ ತಪ್ಪಿಸಿಕೊಳ್ಳಲು ನಾವು ಹೂಡಿರುವ ಆಟ.

ಗುಲಾಬಿ ಉಪ್ಪಿನಿಂದಲೇ ಶುರು ಮಾಡೋಣ. ಪೊಟ್ಟಣದ ಮೇಲೆ ಹಿಮ ಹೊದ್ದ ಶಿಖರದ ಚಿತ್ರವಿರುತ್ತದೆ. ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಕಲ್ಲಿನ ಗಣಿಯ ಉಪ್ಪು ಸ್ವಲ್ಪ ಸಿಗುತ್ತದೆ ನಿಜ. ಆದರೆ ಜಗತ್ತಿಗೆಲ್ಲ ‘ಹಿಮಾಲಯದ ಉಪ್ಪು’ ಎಂದು ಮಾರಾಟವಾಗುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯದ್ದು. ಆ ಗಣಿ ಇರುವ ಗುಡ್ಡಸಾಲಿಗೆ ಉಪ್ಪಿನ ಸಾಲು ಎಂದೇ ಹೆಸರು. ಹಿಮ ಹೊದ್ದ ಶಿಖರಗಳು ಅಲ್ಲಿಂದ ದೂರ. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಸರಕಿಗೆಲ್ಲ ನಮ್ಮ ಸರ್ಕಾರ 200 ಪ್ರತಿಶತ ಸುಂಕ ಹಾಕಿತು. 2025ರ ಮೇ ತಿಂಗಳಲ್ಲಿ ಪಹಲ್ಗಾಮ್ ದಾಳಿಯ ಮೇಲೆ ಆಮದನ್ನೇ ನಿಲ್ಲಿಸಿತು. ಆಗ ಗುಲಾಬಿ ಉಪ್ಪು ತುಟ್ಟಿಯಾಗುತ್ತದೆಂದು ಗೋಳಾಡಿದವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಸ್ವದೇಶಿ ಎಂದು ಬಿಳಿ ಉಪ್ಪು ಬಿಟ್ಟವರು ಅವರು.

ಖೇವ್ರಾದ ಉಪ್ಪು ಬಂದದ್ದಾದರೂ ಎಲ್ಲಿಂದ? ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲೊಂದು ಸಮುದ್ರವಿತ್ತು, ಒಣಗಿತು, ಮಣ್ಣಿನಡಿ ಹೂತಿತು. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಆಗರದವರು ಅಘನಾಶಿನಿಯ ಉಪ್ಪುನೀರು ಹಾಯಿಸಿ, ಬೇಸಿಗೆಯ ಬಿಸಿಲಲ್ಲಿ ಒಣಗಿಸಿ, ಬಳಿದು ಗುಡ್ಡೆ ಹಾಕುತ್ತಾರಲ್ಲ, ಅದೂ ಒಣಗಿದ ಸಮುದ್ರವೇ. ಒಂದು ಈ ಬೇಸಿಗೆಯದು, ಇನ್ನೊಂದು ಹಳೆಯದು. ಎರಡರಲ್ಲೂ ತೊಂಬತ್ತೈದಕ್ಕೂ ಹೆಚ್ಚು ಪಾಲು ಇರುವುದು ಸೋಡಿಯಂ ಕ್ಲೋರೈಡು. ಗುಲಾಬಿ ಬಣ್ಣ ಕಬ್ಬಿಣದ ತುಕ್ಕಿನದು. ‘84 ಖನಿಜಗಳಿವೆ’ ಎನ್ನುತ್ತಾರೆ. ಇರಲಿ. ದಿನಕ್ಕೆ ಐದು ಗ್ರಾಂ ತಿಂದರೆ ಆ ಎಲ್ಲ ಖನಿಜಗಳೂ ಸೇರಿ ನೂರಿನ್ನೂರು ಮಿಲಿಗ್ರಾಂ ದಾಟುವುದು ಕಷ್ಟ. ಒಂದು ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಒಂದೇ ನಾನೂರು ಮಿಲಿಗ್ರಾಂ ಹತ್ತಿರ ಇರುತ್ತದೆ. ಗುಲಾಬಿ ಉಪ್ಪಿನಿಂದ ಹೇಳಿಕೊಳ್ಳುವಷ್ಟು ಪೋಷಣೆ ಸಿಗಬೇಕಾದರೆ ದಿನಕ್ಕೆ ಆರು ಚಮಚ ತಿನ್ನಬೇಕಾಗುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಲೆಕ್ಕ ಹಾಕಿದ್ದಾರೆ. ಆರು ಚಮಚ ತಿಂದವರಿಗೆ ಪೋಷಣೆಯ ಚಿಂತೆ ಬಹಳ ದಿನ ಇರಲಾರದು.

ಕಲ್ಲುಪ್ಪಿಗೆ ಒಂದು ಸಣ್ಣ ರಿಯಾಯಿತಿ ಕೊಡಬಹುದು. ಹರಳುಗಳ ನಡುವೆ ಗಾಳಿ ಇರುವುದರಿಂದ ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿ ಉಪ್ಪಿಗಿಂತ ಹಗುರ. ಆದರೆ ಚಮಚ ಎಣಿಸಿ ನಿಲ್ಲಿಸುವವರು ಯಾರಿದ್ದಾರೆ? ನಾಲಿಗೆಗೆ ಸಪ್ಪೆ ಅನಿಸಿದರೆ ಇನ್ನೂ ನಾಲ್ಕು ಹರಳು ಬೀಳುತ್ತದೆ. ಹಸಿ ಉಪ್ಪು, ಬೆಂದ ಉಪ್ಪು ಎಂಬ ಭೇದಕ್ಕೆ ಅಷ್ಟೂ ಆಧಾರವಿಲ್ಲ. ಉಪ್ಪು ಕರಗಿ ನೀರಾಗಬೇಕಾದರೇ 801 ಡಿಗ್ರಿ ಬಿಸಿ ಬೇಕು. ನಮ್ಮ ಸಾರು ನೂರು ಡಿಗ್ರಿಗೆ ಕೊತಕೊತ ಕುದಿಯುತ್ತದೆ. ಬಾಣಲೆಯಲ್ಲಿ ಹುರಿದರೆ ಉಪ್ಪಿನ ತೇವ ಹೋಗಬಹುದು, ಸ್ವಭಾವ ಹೋಗುವುದಿಲ್ಲ.

ಇನ್ನು ಆಯುರ್ವೇದದ ಹೆಸರು ಎತ್ತುವವರು. ಚರಕ ಸಂಹಿತೆ ಲವಣಗಳಲ್ಲೆಲ್ಲ ಸೈಂಧವವೇ ಶ್ರೇಷ್ಠವೆಂದು ಹೇಳಿರುವುದು ನಿಜ, ನಿತ್ಯ ಬಳಸಬಹುದಾದ ಪದಾರ್ಥಗಳ ಸಾಲಿನಲ್ಲಿ ಅದನ್ನು ಸೇರಿಸಿರುವುದೂ ನಿಜ. ಪೊಟ್ಟಣ ಮಾರುವವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅದೇ ಗ್ರಂಥದ ವಿಮಾನಸ್ಥಾನದ ಮೊದಲ ಅಧ್ಯಾಯವನ್ನೂ ಅವರು ಓದಬೇಕಿತ್ತು. ಅಲ್ಲಿ ಅತಿಯಾಗಿ ಬಳಸಲೇಬಾರದ ಮೂರು ಪದಾರ್ಥಗಳನ್ನು ಹೆಸರಿಸಿದೆ: ಹಿಪ್ಪಲಿ, ಕ್ಷಾರ, ಉಪ್ಪು. ಉಪ್ಪನ್ನು ಸದಾ ಹೆಚ್ಚಾಗಿ ತಿನ್ನುವ ಜನ ಬೇಗ ದಣಿಯುತ್ತಾರೆ, ಅವರ ಮಾಂಸ ರಕ್ತಗಳು ಸಡಿಲವಾಗುತ್ತವೆ, ಅಕಾಲದಲ್ಲಿ ತಲೆ ಬೋಳಾಗಿ ಕೂದಲು ನೆರೆಯುತ್ತದೆ ಎನ್ನುತ್ತದೆ. ಉದಾಹರಣೆಗೆ ಹಾಲಿಗೂ ಉಪ್ಪು ಹಾಕಿಕೊಳ್ಳುವ ಕೆಲವು ದೇಶದವರನ್ನು ಎತ್ತಿ ತೋರಿಸುತ್ತದೆ: ಬಾಹ್ಲೀಕರು, ಸೌರಾಷ್ಟ್ರದವರು, ಸೌವೀರರು, ಮತ್ತು ಸಿಂಧು ದೇಶದವರು. ಸೈಂಧವ ಎಂಬ ಹೆಸರು ಬಂದದ್ದೇ ಸಿಂಧುವಿನಿಂದ. ಆ ಉಪ್ಪಿನ ತವರಿನವರನ್ನೇ ಚರಕ ಅತಿ ಉಪ್ಪಿನ ದೃಷ್ಟಾಂತಕ್ಕೆ ಕರೆದು ನಿಲ್ಲಿಸಿದ್ದಾನೆ. ‘ಸೈಂಧವವಾದರೆ ಎಷ್ಟಾದರೂ ಆದೀತು’ ಎಂಬ ವಿನಾಯಿತಿ ಅಲ್ಲೆಲ್ಲೂ ಇಲ್ಲ. ನನ್ನ ಚಿಕ್ಕಪ್ಪನಿಗೆ ತಲೆಯಲ್ಲಿ ಕೂದಲಿಲ್ಲದಿರುವುದನ್ನು ನಾನು ಈ ವಾದಕ್ಕೆ ಪುರಾವೆಯಾಗಿ ಬಳಸುತ್ತಿಲ್ಲ.

ಈ ಬಣ್ಣದ ವ್ಯಾಮೋಹದಲ್ಲಿ ಕಳೆದುಹೋಗುವುದು ಇನ್ನೊಂದಿದೆ, ಅಯೋಡಿನ್. ‘ಅಯೋಡಿನ್ ಬೆರೆಸುವುದು ವಿದೇಶಿ ಕಂಪನಿಗಳ ಹುನ್ನಾರ’ ಎಂಬ ಸಂದೇಶ ವರ್ಷಕ್ಕೆರಡು ಸಲ ನನ್ನ ಮೊಬೈಲಿಗೂ ಬರುತ್ತದೆ. ಹುನ್ನಾರ ಮಾಡಿದವರು ಯಾರು ಗೊತ್ತೆ? ಡಾ. ವಿ. ರಾಮಲಿಂಗಸ್ವಾಮಿ ಎಂಬ ನಮ್ಮದೇ ವೈದ್ಯರು. ಗಳಗಂಡ ಊರೂರನ್ನೇ ಕಾಡುತ್ತಿದ್ದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಶುರುಮಾಡಿ, ಕೆಲವು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನೊಂದು ಭಾಗಕ್ಕೆ ಮಾಮೂಲಿ ಉಪ್ಪು ಕೊಟ್ಟು, ವರ್ಷಗಟ್ಟಲೆ ಕತ್ತುಗಳನ್ನು ಮುಟ್ಟಿ ನೋಡಿ ಲೆಕ್ಕ ಇಟ್ಟವರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಬಂದದ್ದು ಹಾಗೆ. ಬಸುರಿಗೆ ಅಯೋಡಿನ್ ಸಾಲದಿದ್ದರೆ ಹೊಟ್ಟೆಯ ಕೂಸಿನ ಮೆದುಳಿನ ಬೆಳವಣಿಗೆಗೇ ಕುತ್ತು. ಗುಲಾಬಿ ಉಪ್ಪು ಕೊಳ್ಳುವಾಗ ಅದರಲ್ಲಿ ಅಯೋಡಿನ್ ಬೆರೆಸಿದೆಯೇ ಎಂದು ಪೊಟ್ಟಣದ ಬೆನ್ನು ತಿರುಗಿಸಿ ಓದುವವರನ್ನು ನಾನಂತೂ ಕಂಡಿಲ್ಲ.

ಉಪ್ಪು ಒಳಗೆ ಹೋಗಿ ಮಾಡುವುದೇನು? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಲಂಚಕೋರರಿಗೆ ಮೀಸಲಿಟ್ಟಿದ್ದೇವೆ. ಅದು ಅಕ್ಷರಶಃ ದೇಹಶಾಸ್ತ್ರ. ರಕ್ತದಲ್ಲಿ ಸೋಡಿಯಂ ಎಷ್ಟು ಸಾಂದ್ರವಾಗಿರಬೇಕೆಂಬುದಕ್ಕೆ ದೇಹ ಬಿಗಿಯಾದ ಮಿತಿ ಇಟ್ಟುಕೊಂಡಿದೆ. ಉಪ್ಪು ಹೆಚ್ಚಾದರೆ ಬಾಯಾರಿಸಿ ನೀರು ಕುಡಿಸುತ್ತದೆ, ಕುಡಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಕೊಳವೆಗಳಲ್ಲಿ ಹೆಚ್ಚು ದ್ರವ ಓಡಬೇಕು, ಒತ್ತಡ ಏರುತ್ತದೆ. ಹೆಚ್ಚುವರಿಯನ್ನು ಕಿಡ್ನಿ ಹೊರಹಾಕಬಾರದೇ ಎಂದರೆ, ಅದರ ಜಾಯಮಾನವೇ ಬೇರೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಕಿಡ್ನಿಗಳು ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಹತ್ತಿರ ಹತ್ತಿರ ಒಂದೂವರೆ ಕಿಲೋ. ಕೆಲವೇ ಗ್ರಾಂ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೆಕ್ಕಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಉಪ್ಪು ಅಪರೂಪವಾಗಿದ್ದ ಕಾಲದಲ್ಲಿ ರೂಪುಗೊಂಡ ಅಂಗ ಅದು, ಪೈಸೆ ಪೈಸೆ ಕೂಡಿಡುವ ಅಜ್ಜಿಯ ಹಾಗೆ. ಆ ಅಜ್ಜಿಯ ಕೈಗೆ ದಿನಾ ನೋಟಿನ ಕಂತೆ ತುರುಕಿ ಖರ್ಚು ಮಾಡು ಎಂದರೆ ಪಾಪ ಎಲ್ಲಿ ಮಾಡಿಯಾಳು? ಒತ್ತಡ ಹೆಚ್ಚಿಸಿಕೊಂಡೇ ಅದು ಉಪ್ಪನ್ನು ಹೊರತಳ್ಳುತ್ತದೆ. ವರ್ಷಾನುಗಟ್ಟಲೆ ಹೀಗೆ ನಡೆದರೆ ರಕ್ತನಾಳ ಬಿರುಸಾಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಕೈ ಎತ್ತಲು ಬಾರದೆ ಹೋಗುತ್ತದೆ. ಮೂತ್ರದಲ್ಲಿ ಸೋಡಿಯಂ ಹೋಗುವಾಗ ಸುಣ್ಣದ ಅಂಶವನ್ನೂ ಎಳೆದೊಯ್ಯುವುದರಿಂದ ಕಿಡ್ನಿಯ ಕಲ್ಲಿಗೂ ದಾರಿ. ಉಪ್ಪಿನಲ್ಲಿ ನೆನೆದದ್ದನ್ನು ಬಹಳ ತಿನ್ನುವ ಕಡೆ ಹೊಟ್ಟೆಯ ಕ್ಯಾನ್ಸರೂ ಹೆಚ್ಚು.

‘ನಮ್ಮದು ಸೆಕೆಯ ದೇಶ, ಬೆವರಲ್ಲಿ ಉಪ್ಪು ಹೋಗುತ್ತೆ, ತಿನ್ನಲೇಬೇಕು.’ ಎಸಿ ಕಾರಿನಲ್ಲಿ ಕೂತು ಈ ಮಾತಾಡುವವರಿದ್ದಾರೆ. 1988ರಲ್ಲಿ ಇಂಟರ್‌ಸಾಲ್ಟ್ ಎಂಬ ಅಧ್ಯಯನ ಪ್ರಕಟವಾಯಿತು. 32 ದೇಶಗಳ 52 ಕಡೆ, ಹತ್ತು ಸಾವಿರಕ್ಕೂ ಹೆಚ್ಚು ಜನರ ಇಡೀ ದಿನದ ಮೂತ್ರ ಸಂಗ್ರಹಿಸಿ ಉಪ್ಪು ಅಳೆದರು. ನಮ್ಮ ದೆಹಲಿ, ಲಡಾಖ್ ಎರಡೂ ಅದರಲ್ಲಿದ್ದವು. ಎಲ್ಲರಿಗಿಂತ ಕಡಿಮೆ ಉಪ್ಪು ಕಂಡದ್ದು ಬ್ರೆಜಿಲಿನ ಯಾನೊಮಾಮಿ ಬುಡಕಟ್ಟಿನವರಲ್ಲಿ, ಇಲ್ಲವೆನ್ನುವಷ್ಟು ಕಡಿಮೆ. ಅವರಿರುವುದು ಅಮೆಜಾನಿನ ಕಾಡಿನಲ್ಲಿ, ಮಂಗಳೂರಿನ ಮೇ ತಿಂಗಳನ್ನು ವರ್ಷವಿಡೀ ಹೊದ್ದುಕೊಂಡಂಥ ಸೆಕೆಯಲ್ಲಿ. ಬೇಟೆಯಾಡುತ್ತಾರೆ, ಬೆವರುತ್ತಾರೆ, ಕುಸಿದು ಬೀಳುವುದಿಲ್ಲ. ಅವರ ಸರಾಸರಿ ರಕ್ತದೊತ್ತಡ 95ರ ಆಸುಪಾಸಿನಲ್ಲಿ, ಅದಕ್ಕಿಂತ ಮುಖ್ಯವಾಗಿ ವಯಸ್ಸಾದಂತೆ ಅದು ಏರುವುದೂ ಇಲ್ಲ. ‘ವಯಸ್ಸಾಯ್ತಲ್ಲ, ಬಿಪಿ ಬಂದೇ ಬರುತ್ತೆ’ ಎಂಬ ನಮ್ಮ ನಿತ್ಯದ ಸಮಾಧಾನಕ್ಕೆ ಆ ಕಾಡಿನಲ್ಲಿ ಬೆಲೆಯಿಲ್ಲ. ಸೆಕೆಗೆ ಒಗ್ಗಿದ ಮೈ ಬೆವರಿನಲ್ಲೂ ಉಪ್ಪು ಉಳಿಸುತ್ತದೆ. ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಕಲ್ಲು ಒಡೆಯುವವರ ಮಾತು ಬೇರೆ, ವಾಂತಿಭೇದಿಯಾದ ಮಗುವಿನ ಮಾತು ಬೇರೆ. ಅವರ ಹೆಸರು ಹೇಳಿ ನಾವು ಹಪ್ಪಳ ತಿನ್ನಬಾರದು.

ಈಗ ಬಹಳ ಕೇಳಿಬರುವ ಹೆದರಿಕೆಯೊಂದಿದೆ. ‘ನಮ್ಮ ಭಾವ ಉಪ್ಪು ಬಿಟ್ಟಿದ್ರು. ಸೋಡಿಯಂ ಕಮ್ಮಿ ಆಗಿ ಏನೇನೋ ಮಾತಾಡೋಕೆ ಶುರುಮಾಡಿದ್ರು, ಐಸಿಯುಗೆ ಹಾಕ್ಬೇಕಾಯ್ತು.’ ಪ್ರತಿ ನೆಂಟಸ್ತಿಕೆಯಲ್ಲೂ ಹೀಗಾದವರೊಬ್ಬರು ಇದ್ದೇ ಇರುತ್ತಾರೆ, ಈ ಕಥೆ ಸುಳ್ಳಲ್ಲ. ಕಾರಣವೆಂದು ಹಿಡಿದದ್ದು ಮಾತ್ರ ತಪ್ಪು. ರಕ್ತಪರೀಕ್ಷೆ ಹೇಳುವುದು ಮೈಯಲ್ಲಿ ಒಟ್ಟು ಎಷ್ಟು ಸೋಡಿಯಂ ಇದೆ ಎಂದಲ್ಲ, ನೀರಿಗೆ ಎಷ್ಟು ಸೋಡಿಯಂ ಎಂಬ ಪ್ರಮಾಣವನ್ನು. ಸಾರು ಸಪ್ಪೆಯಾದರೆ ಉಪ್ಪು ಕಡಿಮೆಯಾಗಿರಬಹುದು, ನೀರು ಹೆಚ್ಚಾಗಿಯೂ ಇರಬಹುದು. ವಯಸ್ಸಾದವರಲ್ಲಿ ಆಗುವುದು ಸಾಮಾನ್ಯವಾಗಿ ಎರಡನೆಯದು. ಬಿಪಿಗೆಂದು ಕೊಡುವ ಥಯಜೈಡ್ ಜಾತಿಯ ಮೂತ್ರದ ಮಾತ್ರೆ, ಮನೋರೋಗದ ಕೆಲವು ಔಷಧಗಳು, ಹೃದಯ ಅಥವಾ ಯಕೃತ್ತಿನ ಕಾಯಿಲೆ, ಸೋಂಕಿನ ಸಮಯದಲ್ಲಿ ನೀರು ಹಿಡಿದಿಡುವ ಹಾರ್ಮೋನಿನ ಎಡವಟ್ಟು, ಜೊತೆಗೆ ‘ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿ’ ಎಂಬ ಇನ್ನೊಂದು ಮೊಬೈಲ್ ಬೋಧೆ. ದಿನದ ಉಪ್ಪನ್ನು ಎಂಟು ಗ್ರಾಮಿನಿಂದ ಐದಕ್ಕೆ ಇಳಿಸಿದ ಆರೋಗ್ಯವಂತನೊಬ್ಬ ಅದೇ ಕಾರಣಕ್ಕೆ ಐಸಿಯು ಸೇರುವುದಿಲ್ಲ. ಯಾನೊಮಾಮಿಯವರು ಅಲ್ಲಿ ನಡೆದಾಡಿಕೊಂಡೇ ಇದ್ದಾರೆ. ಭಾವನ ವಿಷಯದಲ್ಲಿ ವೈದ್ಯರು ಉಪ್ಪು ಹೆಚ್ಚಿಸಿ ಎಂದು ಹೇಳಿದ್ದರೆ ಅದು ಭಾವನಿಗೆ ಬರೆದ ಚೀಟಿ. ಅದನ್ನು ತೋರಿಸಿ ಮನೆಮಂದಿಯೆಲ್ಲ ಔಷಧಿ ತರಿಸುವ ಹಾಗಿಲ್ಲ.

ಎದುರು ಪಕ್ಷದಲ್ಲಿ ಗಟ್ಟಿ ವಾದ ಇಲ್ಲವೇ ಇಲ್ಲ ಎಂದರೆ ಅನ್ಯಾಯ. 2014ರಲ್ಲಿ ಪ್ಯೂರ್ ಎಂಬ ದೊಡ್ಡ ಅಧ್ಯಯನ, 17 ದೇಶಗಳ ಒಂದು ಲಕ್ಷಕ್ಕೂ ಮೀರಿದ ಜನರದು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಅದರಲ್ಲಿದ್ದರು, ಒಂದು ಕೀಟಲೆಯ ಫಲಿತಾಂಶ ಕೊಟ್ಟಿತು. ತೀರಾ ಹೆಚ್ಚು ಉಪ್ಪು ತಿನ್ನುವವರಿಗೂ ಅಪಾಯ, ತೀರಾ ಕಡಿಮೆ ತಿನ್ನುವವರಿಗೂ ಅಪಾಯ. ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ, ಅಂದರೆ ಏಳೂವರೆಯಿಂದ ಹದಿನೈದು ಗ್ರಾಂ ಉಪ್ಪು ತಿನ್ನುವವರೇ ಸುಖಿಗಳು ಎಂದು. ಆ ಲೆಕ್ಕ ಒಪ್ಪಿದರೆ ನಮ್ಮ ಸರಾಸರಿ ಊಟ ಕ್ಷೇಮವಾಗಿದೆ, ನಾನು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು. ನಿಲ್ಲಿಸದಿರಲು ಕಾರಣವಿದೆ. ಅವರು ಅಳೆದದ್ದು ಒಬ್ಬೊಬ್ಬರ ಒಂದು ಬೆಳಗಿನ ಮೂತ್ರವನ್ನು. ಅದರಿಂದ ಇಡೀ ದಿನದ ಉಪ್ಪನ್ನು ಸೂತ್ರ ಹಾಕಿ ಊಹಿಸಿದರು. ಹಿಂದಿನ ರಾತ್ರಿ ಮದುವೆ ಊಟ ಮಾಡಿದವನೂ ಉಪವಾಸ ಮಲಗಿದವನೂ ಆ ಒಂದು ಸೀಸೆಯಲ್ಲಿ ಏನಾದರೂ ಆಗಿ ಕಾಣಬಹುದು. ಇಂಥ ಪರೀಕ್ಷೆ ಒಂದು ಊರಿನ ಸರಾಸರಿ ಹೇಳಲು ಸಾಕು, ಒಬ್ಬನ ಹಣೆಬರಹ ಹೇಳಲು ಸಾಲದು. ಮೇಲಾಗಿ, ಕಾಯಿಲೆ ಬಿದ್ದವರು ಊಟವನ್ನೇ ಕಡಿಮೆ ಮಾಡಿರುತ್ತಾರೆ. ಅವರು ಸತ್ತರೆ ಅಪವಾದ ಕಡಿಮೆ ಉಪ್ಪಿನ ತಲೆಗೆ. 2022ರಲ್ಲಿ ಆರು ಅಧ್ಯಯನಗಳನ್ನು ಒಟ್ಟು ಸೇರಿಸಿ, ಒಬ್ಬೊಬ್ಬರಿಂದ ಕನಿಷ್ಠ ಎರಡು ಸಲ ಇಡೀ ದಿನದ ಮೂತ್ರ ಸಂಗ್ರಹಿಸಿದ್ದನ್ನೇ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಆ ಡೊಂಕು ಗೆರೆ ನೆಟ್ಟಗಾಯಿತು: ದಿನಕ್ಕೆ ಒಂದು ಗ್ರಾಂ ಸೋಡಿಯಂ ಹೆಚ್ಚಾದಂತೆ ಹೃದಯ, ರಕ್ತನಾಳದ ಕಾಯಿಲೆಯ ಅಪಾಯ 18 ಪ್ರತಿಶತ ಹೆಚ್ಚು.

ಈಗ ನಮ್ಮ ಅಡುಗೆಮನೆಗೆ ಬರುತ್ತೇನೆ, ಜಗಳ ಇರುವುದೇ ಅಲ್ಲಿ. ಉಪ್ಪೆಂದರೆ ಚಿಪ್ಸು, ನೂಡಲ್ಸು, ಪ್ಯಾಕೆಟ್ ತಿಂಡಿ. ಮನೆಯೂಟ ತಿಂದುಕೊಂಡಿದ್ದರೆ ಭಯವಿಲ್ಲ ಎಂಬ ಮಾತನ್ನು ಆಹಾರತಜ್ಞರ ಬಾಯಲ್ಲೂ ಕೇಳುತ್ತೇವೆ. ಈ ಮಾತು ಹೊರದೇಶದಿಂದ ಬಂದದ್ದು. ಅಲ್ಲಿಗೆ ಅದು ಸರಿ. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಜನ ತಿನ್ನುವ ಉಪ್ಪಿನ ಮುಕ್ಕಾಲು ಪಾಲು ಕಾರ್ಖಾನೆಯ ಆಹಾರದ್ದು, ಬ್ರೆಡ್ಡಿನದ್ದೇ ದೊಡ್ಡ ಪಾಲು. ಹಾಗಾಗಿ ಬ್ರಿಟಿಷರು 2003ರ ನಂತರ ಬೇಕರಿ, ಕಂಪನಿಗಳ ಬೆನ್ನು ಹತ್ತಿ, ಯಾರ ನಾಲಿಗೆಗೂ ಗೊತ್ತಾಗದ ಹಾಗೆ ವರ್ಷ ವರ್ಷ ಬ್ರೆಡ್ಡಿನ ಉಪ್ಪು ಇಳಿಸಿದರು. 2011ರ ಹೊತ್ತಿಗೆ ದೇಶದ ಸರಾಸರಿ ಒಂಬತ್ತೂವರೆ ಗ್ರಾಮಿನಿಂದ ಎಂಟರ ಹತ್ತಿರ ಬಂತು. ನಮ್ಮಲ್ಲಿ ಬೆನ್ನು ಹತ್ತಲು ಅಂಥ ಕಂಪನಿ ಯಾವುದು? ಇಲ್ಲಿ ಉಪ್ಪಿನ ಬಹುಪಾಲು ಒಲೆಯ ಮುಂದೆ ನಿಂತ ಕೈಯಿಂದಲೇ ಬೀಳುತ್ತದೆ. ಆ ಕೈ ಅಮ್ಮನದು, ಅತ್ತೆಯದು, ನನ್ನದು. ಅದನ್ನು ದೂರುವುದು ಕಷ್ಟ. ಅದಕ್ಕೇ ಪ್ಯಾಕೆಟ್ಟನ್ನು ದೂರುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು, ಒಂದು ಟೀ ಚಮಚದಷ್ಟು, ಎಲ್ಲ ಸೇರಿ. 2017–18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಾವು ತಿನ್ನುವುದು ಸರಾಸರಿ ಎಂಟು ಗ್ರಾಂ. ಗಂಡಸರು ಒಂಬತ್ತರ ಹತ್ತಿರ, ಹೆಂಗಸರು ಏಳು. ಈ ಅಂಕಿಯನ್ನು ನಾನು ನಂಬಿರಲಿಲ್ಲ, ನಮ್ಮ ಮನೆಯದು ಸಪ್ಪೆ ಅಡುಗೆ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಹೋದ ವರ್ಷ ಒಂದು ಕಿಲೋದ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆ. ನಾವು ಮೂವರು: ಅತ್ತೆ, ಯಜಮಾನರು, ನಾನು. ಪ್ಯಾಕೆಟ್ 39 ದಿನಕ್ಕೆ ಖಾಲಿ. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ ಎಂಟೂವರೆ ಗ್ರಾಂ! ಒಂದಿಷ್ಟು ಪಾತ್ರೆಗೆ ಅಂಟಿಕೊಂಡಿತು, ಒಂದಿಷ್ಟು ಅನ್ನದ ಗಂಜಿಯೊಡನೆ ಹೋಯಿತು ಎಂದು ಅತ್ತೆ ವಾದಿಸಿದರು. ಒಪ್ಪಿದೆ. ಆದರೆ ಅದರಲ್ಲಿ ಉಪ್ಪಿನಕಾಯಿಯ ಉಪ್ಪು ಸೇರಿರಲಿಲ್ಲ, ಅದಕ್ಕೆ ಮಿಡಿ ಬರುವ ಕಾಲಕ್ಕೆ ಕಲ್ಲುಪ್ಪಿನ ಬೇರೆ ಚೀಲವೇ ಬರುತ್ತದೆ. ಹಪ್ಪಳ ಸಂಡಿಗೆಯದು ಸೇರಿರಲಿಲ್ಲ, ಭಾನುವಾರದ ಹೋಟೆಲ್ ದೋಸೆಯದೂ ಸೇರಿರಲಿಲ್ಲ. ನಾಲ್ಕು ಜನರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು ಐವತ್ತು ದಿನ ಬಂದರೆ ಐದು ಗ್ರಾಮಿನ ಮಿತಿ. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ? ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಬರೆದಿರುತ್ತದೆ. ಉಪ್ಪಿನದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಇರುವುದು ಹೇಗೆ? ಪತ್ರಿಕೆಯ ಅಡುಗೆ ಅಂಕಣ ತೆಗೆದು ನೋಡಿ. ಸಾಸಿವೆ ಅರ್ಧ ಚಮಚ, ಮೆಣಸು ಆರು ಕಾಳು, ಕರಿಬೇವು ಒಂದು ಎಸಳು, ಇಂಗು ಚಿಟಿಕೆ. ಉಪ್ಪು? ರುಚಿಗೆ ತಕ್ಕಷ್ಟು. ನಾನೂ ಬರೆದಿದ್ದೇನೆ, ಹಲವು ಸಲ. ಯಾರ ರುಚಿಗೆ ತಕ್ಕಷ್ಟು? ಎಂಟು ಗ್ರಾಮಿಗೆ ಪಳಗಿದ ನಾಲಿಗೆಗೆ ಐದು ಗ್ರಾಂ ಸಪ್ಪೆಯೇ. ಕಳ್ಳನನ್ನೇ ಪಂಚಾಯಿತಿಗೆ ಕೂರಿಸಿದ ಹಾಗೆ, ತಪ್ಪು ಮಾಡಿದ ನಾಲಿಗೆಯೇ ಇಲ್ಲಿ ತೀರ್ಪು ಕೊಡುತ್ತದೆ. ಪುಣ್ಯಕ್ಕೆ ನಾಲಿಗೆಗೆ ಹಟ ಜಾಸ್ತಿ ದಿನ ಇರುವುದಿಲ್ಲ. ಎರಡು ಮೂರು ತಿಂಗಳು ಕಡಿಮೆ ಕೊಟ್ಟರೆ ಅದಕ್ಕೇ ಒಗ್ಗಿ, ಹಳೆಯ ಸಾರು ಉಪ್ಪಾಯಿತೆಂದು ದೂರುತ್ತದೆ.

ಹಿಂದಿನವರು ತಿನ್ನುತ್ತಿರಲಿಲ್ಲವೇ ಎನ್ನುತ್ತಾರೆ. ತಿನ್ನುತ್ತಿದ್ದರು, ಕೆಲವು ಕಡೆ ನಮಗಿಂತ ಹೆಚ್ಚೇ. ಆದರೆ ಅವರ ಉಪ್ಪಿಗೆ ಒಂದು ಕೆಲಸವಿತ್ತು, ಮಳೆಗಾಲಕ್ಕೆ ತರಕಾರಿ ಕಾಯುವ ಕೆಲಸ. ಕರಾವಳಿಯ ಉಪ್ಪುಸೊಳೆ ನೆನೆಸಿಕೊಳ್ಳಿ. ಭರಣಿಯಲ್ಲಿ ಉಪ್ಪು ತುಂಬಿ ಇಟ್ಟ ಹಲಸಿನ ತೊಳೆಯನ್ನು ಅಡುಗೆಗೆ ತೆಗೆಯುವಾಗ ನೀರಿನಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೀರು ಬದಲಿಸಿ, ಉಪ್ಪು ಬಿಡಿಸಿಯೇ ಪಲ್ಯ ಮಾಡುತ್ತಿದ್ದುದು. ಉಪ್ಪು ಕಾವಲುಗಾರ, ಊಟಕ್ಕೆ ಬಂದ ನೆಂಟನಲ್ಲ ಎಂಬುದು ಅವರಿಗೆ ತಿಳಿದಿತ್ತು. ಇವತ್ತು ಕಾವಲಿಗೆ ಫ್ರಿಜ್ಜಿದೆ. ಕಾವಲುಗಾರ ಮಾತ್ರ ಪಂಕ್ತಿ ಬಿಟ್ಟು ಏಳಲಿಲ್ಲ.

ಮತ್ತೆ ‘ಯಾವ ಉಪ್ಪು’ ಎಂಬಲ್ಲಿಗೇ ಬರುವುದಾದರೆ, ನಿಜವಾಗಿ ವ್ಯತ್ಯಾಸ ಮಾಡುವ ಒಂದು ಉಪ್ಪಿದೆ, ಅದಕ್ಕೆ ಬಣ್ಣವೂ ಇಲ್ಲ, ಪುರಾಣವೂ ಇಲ್ಲ. ಉತ್ತರ ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅವರೂ ನಮ್ಮಂತೆಯೇ, ಉಪ್ಪೆಲ್ಲ ಮನೆಯ ಒಲೆಯಲ್ಲೇ. ಪಾರ್ಶ್ವವಾಯು ಹೊಡೆದು ಉಳಿದವರು ಅಥವಾ ಬಿಪಿ ಇದ್ದ ಅರವತ್ತು ದಾಟಿದವರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಮಾಮೂಲಿ ಉಪ್ಪಿಗೆ ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟರು. ಸುಮಾರು ಐದು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಪಾರ್ಶ್ವವಾಯು 14 ಪ್ರತಿಶತ ಕಡಿಮೆ, ಸಾವು 12 ಪ್ರತಿಶತ ಕಡಿಮೆ. ಈ ಕಡಿಮೆ ಸೋಡಿಯಂ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ಧೂಳು ಹಿಡಿದು ಮೂಲೆಯಲ್ಲಿರುತ್ತದೆ. ಕಿಡ್ನಿ ಕಾಯಿಲೆಯವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ, ವೈದ್ಯರನ್ನು ಕೇಳದೆ ಮುಟ್ಟಬಾರದು. ಚಿಕ್ಕಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದೆ. “ಅದು ಕೆಮಿಕಲ್ ಅಲ್ವೇನಮ್ಮಾ?” ಅಂದರು.

ನಮ್ಮ ಮನೆಯಲ್ಲಿ ಸದ್ಯಕ್ಕೆ ಮಾಮೂಲಿ ಅಯೋಡಿನ್ ಉಪ್ಪೇ. ಅತ್ತೆ ಹಿಡಿಯಲ್ಲಿ ಹಾಕುತ್ತಿದ್ದುದನ್ನು ಒಂದು ದಿನ ತಕ್ಕಡಿಗೆ ಸುರಿಸಿ ನೋಡಿದೆವು. ಸಾರಿನ ಒಂದು ಹಿಡಿ 14 ಗ್ರಾಂ. ಅವರಿಗೇ ನಂಬಿಕೆ ಬರದೆ ಇನ್ನೊಮ್ಮೆ ಹಿಡಿ ತುಂಬಿ ಸುರಿದರು, 15 ಆಯಿತು. ಆಮೇಲೆ ಡಬ್ಬಿಯೊಳಗೆ ಒಂದು ಚಿಕ್ಕ ಚಮಚ ಬಂದು ಕೂತಿದೆ. ಉಪ್ಪಿನ ಜಾಗಕ್ಕೆ ಸ್ವಲ್ಪ ಹೆಚ್ಚು ಹುಣಸೆ, ನಿಂಬೆ, ಕಾಳುಮೆಣಸು ಬೀಳುತ್ತಿದೆ. ಮೊದಲ ಮೂರು ವಾರ ಊಟದ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಈಗಿನ ಪ್ಯಾಕೆಟ್ ಮೇಲಿನ ತಾರೀಖಿನಿಂದ ಇವತ್ತಿಗೆ 51 ದಿನ. ಡಬ್ಬಿಯ ತಳದಲ್ಲಿ ಇನ್ನೂ ಎರಡು ಬೆರಳು ಉಪ್ಪಿದೆ. ಮುಂದಿನ ವಾರ ಸಾಗರದಿಂದ ಮಿಡಿ ಬರುತ್ತದೆ, ಅತ್ತೆ ಕಲ್ಲುಪ್ಪಿನ ಚೀಲಕ್ಕೆ ಹೇಳಿ ಕಳಿಸಿದ್ದಾರೆ. ಈ ಸಲ ಚೀಲದ ಮೇಲೂ ತಾರೀಖು ಬರೆಯಬೇಕು.